ಎಣ್ಣೆ ಹಾಕಬಾರದ ಸರಳು

2014ರ ಚಳಿಗಾಲದಲ್ಲಿ ನಾನು ದುಬೈಯ ಜೆಬೆಲ್ ಅಲಿಯಲ್ಲಿ ಒಂದು ಕ್ಯಾರವಾನ್ ವರ್ಕ್‌ಶಾಪಿನ ಹಿರಿಯ ಹಿಚ್ ಫಿಟ್ಟರ್ ಆಗಿದ್ದೆ. ಊರು ಕಾರ್ಕಳದ ಹತ್ತಿರ, ಓದಿದ್ದು ಎಸ್ಸೆಸ್ಸೆಲ್ಸಿ. ಮಂಗಳೂರಿನ ಬಂದರಿನಲ್ಲಿ ವೆಲ್ಡಿಂಗ್ ಕಲಿತು ಗಲ್ಫಿಗೆ ಹೋದವನು. ಕೆಲಸ ನನಗೆ ಚೆನ್ನಾಗಿ ಗೊತ್ತಿತ್ತು. ಇದನ್ನು ಹೆಮ್ಮೆಗೆ ಹೇಳುತ್ತಿಲ್ಲ. ನಾನು ಮಾಡಿದ್ದು ತಿಳಿಯದೆ ಮಾಡಿದ ತಪ್ಪಲ್ಲ ಎಂಬುದು ಮೊದಲೇ ಸ್ಪಷ್ಟವಾಗಲಿ ಎಂದು ಹೇಳುತ್ತಿದ್ದೇನೆ.

ಅಲ್ಲಿ ಸೆಖೆ ಇಳಿದ ಕೂಡಲೇ ಜನ ಮರಳುಗಾಡಿನಲ್ಲಿ ಬಿಡಾರ ಹೂಡಲು ಹೊರಡುತ್ತಾರೆ. ಮಲಗುವ ಕೋಣೆ, ಅಡುಗೆಮನೆ, ಬಚ್ಚಲು ಎಲ್ಲ ಇರುವ ಚಕ್ರದ ಮನೆಯನ್ನು ದೊಡ್ಡ ಪಿಕಪ್ಪಿನ ಹಿಂದೆ ಕಟ್ಟಿಕೊಂಡು ಹೋಗುತ್ತಾರೆ. ಈ ಟ್ರೈಲರಿಗೂ ಪಿಕಪ್ಪಿಗೂ ನಡುವೆ ಇರುವ ಕೊಂಡಿಯೇ ಹಿಚ್. ಟ್ರೈಲರಿನ ಭಾರದಲ್ಲಿ ನೂರಕ್ಕೆ ಹತ್ತರಿಂದ ಹದಿನೈದು ಪಾಲು ಈ ಕೊಂಡಿಯ ಮೇಲೆ ಕೂರಬೇಕು. ಅದಕ್ಕಿಂತ ಕಡಿಮೆಯಾದರೆ, ಅಂದರೆ ಸಾಮಾನನ್ನೆಲ್ಲ ಹಿಂದೆ ತುಂಬಿದರೆ, ಟ್ರೈಲರ್ ಓಡುತ್ತಾ ಬಾಲ ಬೀಸತೊಡಗುತ್ತದೆ. ಇದಕ್ಕೆ ನಾವು ಸ್ವೇ ಎನ್ನುತ್ತೇವೆ. ಒಮ್ಮೆ ಹೆಚ್ಚಾದರೆ ಎಳೆಯುವ ಗಾಡಿಯನ್ನೂ ಸೇರಿಸಿ ಮಗುಚಿ ಹಾಕುತ್ತದೆ.

ಅದನ್ನು ತಡೆಯಲು ಹಿಚ್ಚಿನ ಕೆಳಗಿಂದ ಎರಡು ಸ್ಪ್ರಿಂಗ್ ಬಾರ್‌ಗಳನ್ನು ಟ್ರೈಲರಿನ ಚೌಕಟ್ಟಿಗೆ ಚೈನಿನಿಂದ ಬಿಗಿಯುತ್ತೇವೆ. ಇದರಿಂದ ಭಾರ ಪಿಕಪ್ಪಿನ ಮುಂದಿನ ಚಕ್ರಗಳಿಗೂ ಹಂಚಿಹೋಗುತ್ತದೆ. ಚೈನಿನ ಎಷ್ಟನೇ ಕೊಂಡಿಗೆ ಸಿಕ್ಕಿಸಬೇಕು ಎಂದು ತಿಳಿಯಲು, ಕಟ್ಟುವ ಮೊದಲೂ ಕಟ್ಟಿದ ಮೇಲೂ ಮುಂದಿನ ಚಕ್ರದ ಕಮಾನಿನ ಎತ್ತರ ಅಳೆಯುತ್ತೇವೆ. ಇದಲ್ಲದೆ ಪಕ್ಕದಲ್ಲಿ ಒಂದು ಸ್ವೇ ಬಾರ್ ಇರುತ್ತದೆ. ಇದು ಬ್ರೇಕಿನ ಪ್ಯಾಡಿನಂಥ ಎರಡು ಪಟ್ಟಿಗಳ ನಡುವೆ ಜಾರುವ ಚಪ್ಪಟೆ ಸರಳು. ಉಜ್ಜಾಟದಿಂದಲೇ ಅದು ಬಾಲವನ್ನು ಹಿಡಿದಿಡುತ್ತದೆ. ಉಜ್ಜುವುದರಿಂದ ತಿರುವಿನಲ್ಲಿ ಕಿರ್ರೆಂದು ಕಿರುಚುತ್ತದೆ. ಈ ಸರಳಿಗೆ ಗ್ರೀಸ್ ಆಗಲಿ ಎಣ್ಣೆಯಾಗಲಿ ಎಂದಿಗೂ ತಾಗಿಸಬಾರದು. ಇದು ಫಿಟ್ಟರನ ಮೊದಲ ಪಾಠ.

ನಮ್ಮಲ್ಲಿ ಟ್ರೈಲರ್ ಎಳೆಯುತ್ತಿದ್ದ ಡ್ರೈವರ್ ಹಮೀದ್, ವಿಟ್ಲ ಕಡೆಯ ಬ್ಯಾರಿ. ನನಗಿಂತ ಹತ್ತು ವರ್ಷಕ್ಕೆ ಚಿಕ್ಕವನು. 2012ರಲ್ಲಿ ಒಮ್ಮೆ ನಾನು ಹಿಚ್ಚಿನ ಬಾಲನ್ನು, ಅಂದರೆ ಟ್ರೈಲರಿನ ಮೂತಿ ಕೂರುವ ಕಬ್ಬಿಣದ ಗುಂಡನ್ನು, ಎರಡು ಇಂಚು ಹೆಚ್ಚು ಎತ್ತರಕ್ಕೆ ಕೂರಿಸಿಬಿಟ್ಟಿದ್ದೆ. ಟ್ರೈಲರ್ ಮೂಗೆತ್ತಿ, ಭಾರ ಹಿಂದಕ್ಕೆ ವಾಲಿ ನಿಂತಿತ್ತು. ಹಮೀದ್ ಸುತ್ತ ಒಂದು ಬಾರಿ ನಡೆದು ನೋಡಿ, ಗಿರಾಕಿಯ ಎದುರೇ ಮ್ಯಾನೇಜರಿಗೆ ಕೀಲಿ ವಾಪಸ್ ಕೊಟ್ಟ.

"ಇದನ್ನು ಕಟ್ಟಿದವರೇ ಓಡಿಸಲಿ ಸರ್. ನನಗೆ ಊರಲ್ಲಿ ಹೆಂಡತಿ ಮಕ್ಕಳು ಉಂಟು."

ಅವನು ಹೇಳಿದ್ದು ಸರಿ. ಸರಿಯಿದ್ದುದರಿಂದಲೇ ನನಗೆ ತಡೆಯಲಾಗಲಿಲ್ಲ. ಅಂದಿನಿಂದ ನಾವು ಮಾತು ಬಿಟ್ಟೆವು. ಮಾತು ಬಿಡುವುದು ಸುಲಭವೂ ಇರಲಿಲ್ಲ. ಮುಹೈಸ್ನಾದ ಲೇಬರ್ ಕ್ಯಾಂಪಿನಲ್ಲಿ ಒಂದೇ ರೂಮು, ಕೆಳಗಿನ ಮಂಚ ನನ್ನದು, ಮೇಲಿನದು ಅವನದು. ಕಂಪನಿಯ ಬಸ್ಸೂ ಒಂದೇ. ಹಾಗಾಗಿ ನಾವು ಗೋಡೆಗೆ ಹೇಳುತ್ತಿದ್ದೆವು. ಕೆಲವರಿಗೆ ಎಸಿ ಹದಿನೆಂಟಕ್ಕೆ ಇಡದಿದ್ದರೆ ನಿದ್ದೆ ಬರುವುದಿಲ್ಲ, ಮೀನಿನ ಐಸ್ ಪೆಟ್ಟಿಗೆಯಲ್ಲಿ ಹುಟ್ಟಿದವರಿರಬೇಕು ಎಂದು ನಾನು ಗೋಡೆಗೆ ಹೇಳುವುದು. ಕೆಲವರು ಬಾಯಿ ಮುಚ್ಚಿದರೆ ರೂಮು ತಾನೇ ತಂಪಾಗುತ್ತದೆ ಎಂದು ಅವನು ಸೂರಿಗೆ ಹೇಳುವುದು. ರೂಮಿನ ಉಳಿದವರು ಮೊದಮೊದಲು ನಕ್ಕರು, ಆಮೇಲೆ ಬೇಸತ್ತರು. ನಾನು ಬೇಸರಪಡಲಿಲ್ಲ. ಹಗೆ ಸಾಕುವುದು ನನಗೆ ಒಗ್ಗಿತ್ತು. ಕೆಲಸ ಮುಗಿಸಿ ಬಂದಾಗ ಯೋಚಿಸಲು ಏನೋ ಒಂದು ಇರುತ್ತಿತ್ತು.

ಆ ಚಳಿಗಾಲ ಒಬ್ಬ ಗಿರಾಕಿ ಹೊಸ ಟ್ರೈಲರ್ ಕೊಂಡ. ಏಳೂವರೆ ಮೀಟರ್ ಉದ್ದ, ಸುಮಾರು ಮೂರು ಟನ್ ಭಾರ. ಅದನ್ನು ಅಬುಧಾಬಿ ದಾಟಿ ಲಿವಾ ಕಡೆಯ ಅವನ ತೋಟಕ್ಕೆ ಹಮೀದ್ ತಲುಪಿಸಬೇಕಿತ್ತು. ಹಿಚ್ ಹೊಂದಿಸಿದವನು ನಾನು. ಬಾಲಿನ ಎತ್ತರ, ಚೈನು, ಎಲ್ಲ ಅಳತೆಯಲ್ಲಿ ಸರಿಯಿತ್ತು. ಹಿಂದಿನ ಸಂಜೆ ಗಿರಾಕಿ ಹಮೀದನ ಪಕ್ಕ ಕುಳಿತು ಇಂಡಸ್ಟ್ರಿಯಲ್ ಏರಿಯಾದಲ್ಲಿ ಒಂದು ಸುತ್ತು ಹೋಗಿಬಂದ. ಪ್ರತಿ ತಿರುವಿನಲ್ಲೂ ಸರಳು ಕಿರುಚಿತು. ಅವನು ಇಳಿದವನೇ, ಹೊಸತಕ್ಕೆ ದುಡ್ಡು ಕೊಟ್ಟರೆ ಹಳೆಯ ಗುಜರಿ ಕೊಟ್ಟಿದ್ದೀರಿ ಎಂದು ಮ್ಯಾನೇಜರ್ ರೊನಾಲ್ಡನ ಮೇಲೆ ಹರಿಹಾಯ್ದ. ರೊನಾಲ್ಡ್ ನಮ್ಮ ಮಂಗಳೂರಿನವನೇ, ಕೊಂಕಣಿ ಮಾತನಾಡುವ ಕ್ರಿಶ್ಚಿಯನ್. ಗಿರಾಕಿಯಿಂದ ತಿಂದದ್ದನ್ನು ಹಾಗೆಯೇ ನನಗೆ ದಾಟಿಸಿದ.

"ಸದಾನಂದ, ನನಗೆ ಕಾರಣ ಬೇಡ. ನಾಳೆ ಬೆಳಿಗ್ಗೆ ಸದ್ದು ಖಲಾಸ್ ಆಗ್ಬೇಕು. ಅಷ್ಟೇ."

ಖಲಾಸ್ ಎಂದರೆ ಅಲ್ಲಿ ಮುಗಿಯಿತು ಎಂದು. ಸದ್ದು ಬಂದರೆ ಸರಳು ಹಿಡಿಯುತ್ತಿದೆ ಎಂದೇ ಅರ್ಥ ಎಂದು ನಾನು ಎಷ್ಟೋ ಗಿರಾಕಿಗಳಿಗೆ ತಿಳಿಸಿ ಹೇಳಿದ್ದೆ. ಅಂದೂ ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಹಮೀದ್, ನನ್ನ ಕಡೆ ನೋಡದೆ, ರೊನಾಲ್ಡನಿಗೆ ಹೇಳಿದ.

"ಬಾರಿನದ್ದಲ್ಲ ಸರ್ ಸದ್ದು. ನಮ್ಮ ಫಿಟ್ಟರಿಗೆ ಪ್ರಾಯ ಆಯ್ತಲ್ವಾ, ಮೊಣಕಾಲಿಂದ ಬರ್ತಾ ಉಂಟು."

ಇಡೀ ಶೆಡ್ಡು ನಕ್ಕಿತು. ಗಿರಾಕಿಗೆ ಅರ್ಥವಾಗದಿದ್ದರೂ ಎಲ್ಲರ ಜೊತೆ ನಕ್ಕ. ನಾನು ತೆರೆದ ಬಾಯಿ ಮುಚ್ಚಿದೆ.

ಎಲ್ಲರೂ ಬಸ್ಸಿಗೆ ಹೊರಟಾಗ ನಾನು ಉಪಕರಣ ಎತ್ತಿಡುವ ನೆಪದಲ್ಲಿ ಹಿಂದೆ ಉಳಿದೆ. ಸರಳನ್ನು ಎಳೆದು ಎರಡು ಪಟ್ಟಿಗಳ ನಡುವೆ ಎಣ್ಣೆ ಹಾಕಿದೆ. ಹಿಂದೆ ಮುಂದೆ ಜಾರಿಸಿ ನೋಡಿದೆ. ಸದ್ದಿಲ್ಲ, ಬೆಣ್ಣೆಯಲ್ಲಿ ಚೂರಿ ಆಡಿಸಿದ ಹಾಗೆ. ಹೊರಗಿನ ಅಂಚನ್ನು ಬಟ್ಟೆಯಿಂದ ಒರೆಸಿದೆ. ಹಮೀದ್ ಸಾಯಲಿ ಎಂದು ನಾನು ಬಯಸಲಿಲ್ಲ. ಹೆದರಲಿ ಎಂದು ಬಯಸಿದೆ. ಟ್ರೈಲರ್ ಎರಡು ಸಲ ಬಾಲ ಬೀಸಿ, ಅವನ ಅಂಗೈ ಬೆವರಿ, ವಾಪಸ್ ಬಂದು ಎಲ್ಲರ ಎದುರು ನನ್ನ ಹತ್ತಿರ ಬೇಡಬೇಕು ಎಂದು ಬಯಸಿದೆ. ರೊನಾಲ್ಡ್ ಹೇಳಿದ್ದನ್ನೇ ಮಾಡಿದ್ದೇನೆ ಎಂಬ ಸಮಾಧಾನವೂ ಜೊತೆಗಿತ್ತು.

ಮರುದಿನ ಬೆಳಿಗ್ಗೆ ಗಿರಾಕಿಯ ಜನ ಬಂದು ಟ್ರೈಲರಿನ ಹಿಂಬದಿಗೆ ಒಂದು ಜನರೇಟರ್ ಮತ್ತು ತುಂಬಿದ ನೀರಿನ ಕ್ಯಾನುಗಳನ್ನು ಹಾಕಿದರು. ಪಿಕಪ್ಪಿನ ಹಿಂಭಾಗ ಮೇಲೇಳುವುದು ಕಣ್ಣಿಗೇ ಕಾಣುತ್ತಿತ್ತು. ಕೊಂಡಿಯ ಮೇಲಿನ ಭಾರ ಕಡಿಮೆಯಾಗಿತ್ತು. ಸಾಮಾನು ಮುಂದಕ್ಕೆ ಸರಿಸಿ ಎಲ್ಲವನ್ನೂ ಮತ್ತೆ ಅಳೆಯಬೇಕಿತ್ತು. ನಾನು ಟೇಪನ್ನು ಜೇಬಿನಿಂದ ತೆಗೆಯಲಿಲ್ಲ.

ಹಮೀದನೂ ಅದನ್ನು ನೋಡಿದ. ಒಂದು ಕ್ಷಣ ನಿಂತು ನನ್ನ ಹತ್ತಿರ ಬಂದ. ಎರಡು ವರ್ಷಗಳ ನಂತರ ಮೊದಲ ಸಲ ನನ್ನ ಮುಖ ನೋಡಿ ಮಾತನಾಡಿದ.

"ಸದಾನಂದಣ್ಣ, ಹಿಂದೆ ಭಾರ ಆಗ್ಲಿಲ್ವಾ? ಚೈನು, ಬಾರು ಎಲ್ಲ ನೋಡಿದ್ದೀರಲ್ಲ?"

ಗಲ್ಫಿನ ಅರಬಿಯಲ್ಲಿ ಮಾಫಿ ಎಂದರೆ ಇಲ್ಲ. ನಮ್ಮೂರಿನ ಮಾಫಿಯ ಹಾಗೆ ಕ್ಷಮೆ ಎಂಬ ಅರ್ಥ ಅಲ್ಲಿ ಅದಕ್ಕಿಲ್ಲ. ಟೀಯಲ್ಲಿ ಸಕ್ಕರೆ ಮಾಫಿ, ಶುಕ್ರವಾರ ಬಸ್ಸು ಮಾಫಿ ಎಂದು ನಾವು ದಿನಕ್ಕೆ ನೂರು ಸಲ ಹೇಳುತ್ತಿದ್ದೆವು. ತೊಂದರೆ ಏನೂ ಇಲ್ಲ ಎನ್ನಲು ಮಾಫಿ ಮುಶ್ಕಿಲ್.

"ಮಾಫಿ ಮುಶ್ಕಿಲ್," ಎಂದೆ ನಾನು.

ಅವನು ತಲೆಯಾಡಿಸಿ ಹೋಗಿ ಗಾಡಿ ಹತ್ತಿದ. ನನ್ನ ಮಾತನ್ನು ನಂಬಿದ್ದ. ಹಗೆ ಬೇರೆ, ನನ್ನ ಕೈಕೆಲಸ ಬೇರೆ ಎಂದು ಅವನು ಇಟ್ಟುಕೊಂಡಿದ್ದ. ನಾನು ಹಾಗೆ ಇಟ್ಟುಕೊಂಡಿರಲಿಲ್ಲ.

ಮಧ್ಯಾಹ್ನಕ್ಕೆ ಫೋನು ಬಂತು. ಮಫ್ರಕ್ ದಾಟಿ ತರೀಫ್ ಕಡೆಯ ಹೆದ್ದಾರಿಯಲ್ಲಿ ಅಡ್ಡಗಾಳಿಯಿತ್ತಂತೆ. ದೊಡ್ಡ ಬಸ್ಸೊಂದು ಪಕ್ಕದಿಂದ ಮುಂದೆ ಹೋದಾಗ ಟ್ರೈಲರ್ ಬಾಲ ಬೀಸಲು ಶುರುಮಾಡಿದೆ. ಹಮೀದ್ ಕಲಿತ ಹಾಗೆ ಗಾಡಿಯ ಬ್ರೇಕ್ ಮುಟ್ಟದೆ, ಆಕ್ಸಿಲರೇಟರಿನಿಂದ ಕಾಲು ತೆಗೆದು, ಟ್ರೈಲರಿನ ಬ್ರೇಕನ್ನು ಮಾತ್ರ ಕೈಯಿಂದ ಒತ್ತಿದ್ದಾನೆ. ಬೀಸಾಟ ನಿಲ್ಲಲಿಲ್ಲ. ಟ್ರೈಲರ್ ಮಗುಚಿ ಪಿಕಪ್ಪನ್ನೂ ತಿರುಚಿ ಕೆಡವಿತು. ಅಲ್ಲಿ ಡ್ರೈವರ್ ಕೂರುವುದು ಎಡಕ್ಕೆ, ಬಾಗಿಲಿನ ಕಡೆಯಿದ್ದ ಅವನ ಎಡಗೈ ಜಜ್ಜಿಹೋಯಿತು.

ಮೂರನೆಯ ದಿನ ರೊನಾಲ್ಡ್ ನನ್ನನ್ನೂ ಕರೆದುಕೊಂಡು ಆಸ್ಪತ್ರೆಗೆ ಹೋದ. ಹಮೀದ್ ಎರಡೇ ಮಾತನ್ನು ತಿರುಗಿಸಿ ತಿರುಗಿಸಿ ಹೇಳುತ್ತಿದ್ದ. ಎಂಬತ್ತರ ಮೇಲೆ ಹೋಗಲಿಲ್ಲ ಎನ್ನುವುದು ಒಂದು. ಇನ್ನೊಂದನ್ನು ನನ್ನ ಕಡೆಗೇ ನೋಡಿ ಹೇಳಿದ.

"ಬಾರ್ ಸದ್ದು ಮಾಡ್ಲಿಲ್ಲ ಸರ್. ಇಡೀ ದಾರಿಯಲ್ಲಿ ಒಂದು ಸಲವೂ ಸದ್ದು ಮಾಡ್ಲಿಲ್ಲ."

"ಸದ್ದು ಮಾಡದಿದ್ರೆ ಒಳ್ಳೇದೇ ಅಲ್ವಾ ಮಾರಾಯ," ಎಂದ ರೊನಾಲ್ಡ್. "ಅದನ್ನು ಇವನೇ ರಿಪೇರಿ ಮಾಡಿದ್ದು."

ಹೀಗೆ ಹಮೀದನ ಸತ್ಯವಾದ ಸಾಕ್ಷಿ ನನ್ನ ಒಳ್ಳೆಯ ಕೆಲಸದ ಸಾಕ್ಷಿಯಾಯಿತು. ವರ್ಕ್‌ಶಾಪಿನ ವಿಚಾರಣೆಯಲ್ಲಿ ಹಿಚ್ ಸರಿಯಿತ್ತೇ ಎಂದು ನನ್ನನ್ನು ಕೇಳಿದರು. ಸರಿಯಿತ್ತು ಎಂದೆ. ಹಾಗಾದರೆ ಸ್ಪೀಡೇ ಎಂದು ತೀರ್ಮಾನವಾಯಿತು. ಒಡೆದ ಟ್ರೈಲರ್ ಅಂಗಳಕ್ಕೆ ಬಂದಾಗ ಸರಳನ್ನು ಮೊದಲು ಬಿಚ್ಚಿದವನೂ ನಾನೇ. ಪಟ್ಟಿಗಳಲ್ಲಿ ಇನ್ನೂ ಎಣ್ಣೆಯ ಪಸೆಯಿತ್ತು. ಗ್ಯಾಸ್ ಕಟ್ಟರಿನಲ್ಲಿ ತುಂಡು ಮಾಡಿ ಗುಜರಿಯ ಡ್ರಮ್ಮಿಗೆ ಹಾಕಿದೆ.

ಹಮೀದನ ಎಡಗೈ ಬೆರಳುಗಳು ಮತ್ತೆ ಮಡಚಲಿಲ್ಲ. ಡ್ರೈವರ್ ಕೆಲಸ ಹೋಯಿತು. ಹೋದದ್ದು ಕೈಯಿಂದ ಮಾತ್ರವಲ್ಲ. ಸ್ಪೀಡಿನಲ್ಲಿ ಹೋಗಿ ಟ್ರೈಲರ್ ಕೆಡವಿದವನು ಎಂಬ ಮಾತು ಅವನಿಗಿಂತ ಮೊದಲೇ ಎಲ್ಲ ಕಂಪನಿಗಳನ್ನೂ ತಲುಪಿತ್ತು. ಎಷ್ಟೋ ತಿಂಗಳ ಮೇಲೆ ಜೆಬೆಲ್ ಅಲಿಯಲ್ಲೇ ಒಂದು ಗೋದಾಮಿನ ಗೇಟಿನಲ್ಲಿ, ಲಾರಿಗಳಿಗೆ ಅಡ್ಡಗಂಬ ಎತ್ತಿ ಇಳಿಸುವ ಕೆಲಸ ಸಿಕ್ಕಿತು. ನಮ್ಮ ಕಂಪನಿಯ ಬಸ್ಸು ದಿನವೂ ಅದೇ ಗೇಟಿನ ಎದುರಿನಿಂದ ಹೋಗುತ್ತಿತ್ತು. ನಾನು ಬಸ್ಸಿನ ಆಚೆ ಬದಿಯ ಸೀಟಿಗೆ ಬದಲಾಯಿಸಿಕೊಂಡೆ.

2019ರಲ್ಲಿ ನನ್ನ ವೀಸಾ ಮುಗಿಯಿತು. ಕಂಪನಿ ನವೀಕರಿಸಲಿಲ್ಲ. ಊರಿಗೆ ಹೊರಡುವ ಮುನ್ನ ಒಂದು ಬೆಳಿಗ್ಗೆ ಆ ಗೇಟಿಗೆ ನಡೆದುಕೊಂಡು ಹೋದೆ. ಹಮೀದ್ ಕುರ್ಚಿಯಲ್ಲಿ ಕುಳಿತಿದ್ದ. ಏಳಲಿಲ್ಲ. ನಾನು ನಿಂತಲ್ಲಿಂದಲೇ ಹೇಳಿದೆ, ಆ ಸರಳಿಗೆ ಎಣ್ಣೆ ಹಾಕಿದ್ದು ನಾನು ಎಂದು, ಬೇಕೆಂದೇ ಹಾಕಿದ್ದು ಎಂದು.

"ಗೊತ್ತುಂಟು," ಎಂದ. "ಮೊದಲು ಸಂಶಯ ಇತ್ತು. ನೀವು ಬಸ್ಸಲ್ಲಿ ಸೀಟು ಬದಲಿಸಿದ್ರಲ್ಲ, ಆಗ ಖಾತ್ರಿ ಆಯ್ತು."

ಒಂದು ಲಾರಿ ಬಂತು. ಅವನು ಬಲಗೈಯಿಂದ ಗುಂಡಿ ಒತ್ತಿ ಕಂಬ ಎತ್ತಿದ, ಅದು ಹೋದ ಮೇಲೆ ಇಳಿಸಿದ. ಮತ್ತೆ ಕೇಳಿದ.

"ನನಗೆ ಹೇಳಿ ಎಂತ ಆಗ್ಬೇಕು? ಎಂಬತ್ತರ ಮೇಲೆ ಹೋಗ್ಲಿಲ್ಲ ಅಂತ ನನಗೆ ಗೊತ್ತಿಲ್ವಾ? ರೊನಾಲ್ಡನಿಗೆ ಹೇಳಿದ್ರಾ?"

ರೊನಾಲ್ಡ್ ಅಷ್ಟರಲ್ಲಿ ಕೆಲಸ ಬಿಟ್ಟು ಕೆನಡಾಕ್ಕೆ ಹೋಗಿದ್ದ. ಇದ್ದಾಗಲೂ ನಾನು ಹೇಳಿರಲಿಲ್ಲ. ನಾನು ಕೈ ಮುಗಿದೆ. ಮಾಫಿ ಮಾಡು ಹಮೀದ್ ಎಂದೆ.

"ಆ ಬೆಳಿಗ್ಗೆ ನಾನು ಕೇಳಿದ್ದಕ್ಕೆ ಎಂತ ಹೇಳಿದ್ರಿ, ನೆನಪುಂಟಾ?"

ನೆನಪಿತ್ತು. ಅವನು ಹೇಳಿಸದೆ ಬಿಡಲಿಲ್ಲ. ಮಾಫಿ ಮುಶ್ಕಿಲ್ ಎಂದೆ.

"ಅದರಲ್ಲಿ ಅರ್ಧ ನಿಮಗೇ ವಾಪಸ್ ಕೊಡ್ತೇನೆ," ಎಂದ ಹಮೀದ್. "ಮಾಫಿ."

ಊರಿನ ಮಾಫಿಯಲ್ಲ, ಗಲ್ಫಿನದು. ನನಗೆ ಅದು ಅರ್ಥವಾಯಿತೇ ಎಂದು ಮುಖ ನೋಡಿದ. ಅರ್ಥವಾದದ್ದು ಕಂಡ ಮೇಲೆ, ಗಾಡಿ ಬರುತ್ತಿದೆ, ದಾರಿಯಿಂದ ಸರಿಯಿರಿ ಎಂದ. ನಾನು ಸರಿದೆ.

ಈಗ ಕಾರ್ಕಳದ ಪೇಟೆಯಲ್ಲಿ ನನ್ನ ಪರಿಚಯದವರ ಒಂದು ಗ್ಯಾರೇಜಿದೆ. ಹೊತ್ತು ಹೋಗದಿದ್ದರೆ ಅಲ್ಲಿ ಹೋಗಿ ಕೂರುತ್ತೇನೆ. ಸದ್ದು ಬರುತ್ತಿದೆ, ನಿಲ್ಲಿಸಿಕೊಡಿ ಎಂದು ಯಾರಾದರೂ ಗಾಡಿ ತಂದರೆ, ಎಣ್ಣೆಗೆ ಕೈ ಹಾಕುವ ಮೊದಲು ಅದು ಏತರ ಸದ್ದು ಎಂದು ನೋಡಿ ಎನ್ನುತ್ತೇನೆ. ಕೆಲವು ಸದ್ದು ಸವೆತದ್ದು, ಕೆಲವು ಹಿಡಿತದ್ದು. ಹಿಡಿತದ ಸದ್ದನ್ನು ಗಿರಾಕಿ ಬೈದರೂ, ಯಜಮಾನ ಬೈದರೂ, ಹತ್ತು ಜನ ನಕ್ಕರೂ ನಿಲ್ಲಿಸಬಾರದು. ನನ್ನ ಕೆಲಸ ನನಗೆ ಕಲಿಸಿದ್ದು ಇಷ್ಟು. ಕಲಿತಿದ್ದೂ ನಾನು ಮಾಡಿದ್ದು ಬೇರೆ.

ರೊನಾಲ್ಡನ ವಿಳಾಸ ನನ್ನಲ್ಲಿಲ್ಲ. ಆ ಶೆಡ್ಡಿನಲ್ಲಿ ಅಂದು ನಕ್ಕವರೂ ಚದುರಿಹೋಗಿದ್ದಾರೆ. ಅವರಲ್ಲಿ ಯಾರಾದರೊಬ್ಬರು ಓದಲಿ ಎಂದು ಇಲ್ಲಿ ಬರೆಯುತ್ತಿದ್ದೇನೆ. ಬಾರ್ ಸದ್ದು ಮಾಡಲಿಲ್ಲ ಎಂದು ಹಮೀದ್ ಹೇಳಿದ್ದು ನಿಜ. ಅದಕ್ಕೆ ಎಣ್ಣೆ ಹಾಕಿದವನು ನಾನು.