ರೊಟ್ಟಿ ಬಡಿದ ಕೈ

ದೆವ್ವ, ಆತ್ಮ ಎಂದು ಯಾರಾದರೂ ಶುರು ಮಾಡಿದರೆ ನಾನು ಎದ್ದು ಹೋಗುವ ಗಿರಾಕಿ. ಸದ್ದು ಎಂದರೆ ಗಾಳಿಯ ಅಲುಗಾಟ, ಅಲುಗಿಸುವ ವಸ್ತುವಿಲ್ಲದೆ ಸದ್ದಿಲ್ಲ ಎಂದು ವಾದ ಹೂಡುತ್ತಿದ್ದೆ. ಆ ವಾದವನ್ನು ಈಗಲೂ ಬಿಟ್ಟಿಲ್ಲ. ನನ್ನ ಹೆದರಿಕೆಗೆ ಕಾರಣವೂ ಅದೇ.

ನನ್ನ ಕೆಲಸ ಹೇಳಿದರೆ ಜನ ನಗುತ್ತಾರೆ. ಕುಂಬಾರವಾಡದ ಬಸ್ಸಿನ ಬಾಗಿಲು, ರಾಮನಗರದ ರಸ್ತೆಯಲ್ಲಿ ಲಾರಿಗಳ ಬ್ರೇಕು, ದಾಂಡೇಲಿಯ ಗಿರಣಿಯಲ್ಲಿ ಪಾಳಿಗೆ ಕೂಗುವ ಭೋಂಗಾ, ಇಂಥವನ್ನೆಲ್ಲ ರೆಕಾರ್ಡ್ ಮಾಡಿ, ಕಂಪ್ಯೂಟರಿನಲ್ಲಿ ಕತ್ತರಿಸಿ, ಎಳೆದು, ಒಂದರ ಮೇಲೊಂದು ಪೇರಿಸಿ ಸಂಗೀತ ಕಟ್ಟುತ್ತೇನೆ. "ಮಂದಿ ಮಕ್ಕಳು ಹಾಡು ಕಲೀತಾವ, ನನ್ನ ಮಗಾ ಸಪ್ಪಳಾ ಆರಿಸಿಕೋಂತ ತಿರಗತಾನ" ಎಂದು ಅವ್ವ ಓಣಿಗೆಲ್ಲ ಹೇಳಿ ನಗುತ್ತಿದ್ದಳು.

ಅಪ್ಪ ಗಿರಣಿ ಕೆಲಸಕ್ಕೆಂದು ಧಾರವಾಡದ ಕಡೆಯಿಂದ ಬಂದವನು. ಅವನು ತೀರಿಹೋದ ಮೇಲೂ ಅವ್ವ, ಮದುವೆಯಾಗದ ಅಕ್ಕ ದಾಂಡೇಲಿಯಲ್ಲೇ ಉಳಿದರು. ನಾನು ಹಳಿಯಾಳದಲ್ಲಿ. ರೊಟ್ಟಿ ಬಡಿಯುವವಳು ಅವ್ವ, ಬೇಯಿಸುವವಳು ಅಕ್ಕ. ಅವ್ವನ ಬೆರಳಲ್ಲಿ ತಾಮ್ರದ ಉಂಗುರವಿತ್ತು. ರೊಟ್ಟಿ ತಿರುವಿದಾಗಲೆಲ್ಲ ಅದು ಕಡಪಾ ಕಲ್ಲಿಗೆ ತಾಗಿ ಟಿಕ್ ಎನ್ನುತ್ತಿತ್ತು. ಅವ್ವ ತೀರಿಕೊಂಡಾಗ ಬೆರಳು ಬಾತು ಉಂಗುರ ಬರಲೇ ಇಲ್ಲ. ಹಾಗೇ ಮಣ್ಣು ಮಾಡಿದೆವು.

ಆಮೇಲೆ ಅಕ್ಕ ಊಟ ಬಿಟ್ಟಳು. ಚಹಾ, ಬಿಸ್ಕೀಟು, ಅಷ್ಟೇ. ಪಕ್ಕದ ಮನೆಯ ಶಾಂತಕ್ಕ ನನ್ನನ್ನು ಬಾಗಿಲ ಹೊರಗೆ ಎಳೆದು, "ಖರೇ ಹೇಳ್ತೇನಿ ತಮ್ಮಾ, ಅವ್ವನ ಹಿಂದ ಈಕೀನೂ ಹೊಂಟಾಳ. ಏನರ ಮಾಡು" ಎಂದಳು. ನನಗೆಂದು ಉಳಿದಿದ್ದವಳು ಅವಳೊಬ್ಬಳೇ.

ಒಲೆ ಹಚ್ಚಿಸಿದರೆ ಹಸಿವಾದೀತೆಂದು ಒಂದು ಉಪಾಯ ಮಾಡಿದೆ.

"ಅಕ್ಕಾ, ನನ್ನ ಸಂಗೀತಕ್ಕ ರೊಟ್ಟಿ ಬಡಿಯೋ ಸಪ್ಪಳಾ ಬೇಕಾಗೇತಿ. ನೀನ ಬಡೀಬೇಕು."

"ನನಗೆಲ್ಲಿ ಬರತೈತೋ? ಬಡಿಯಾಕಿ ಅವ್ವ."

"ಹರದ್ರ ಹರೀಲಿ ಬಿಡು. ನನಗ ಸಪ್ಪಳಾ ಸಾಕು."

ಬಳೆ ತೆಗೆದಿಟ್ಟು ಒಲ್ಲದ ಮನಸ್ಸಿನಿಂದ ಕೂತಳು. ಮೈಕನ್ನು ಅವಳ ಕೈಯ ಮುಂದೆಯೇ ಇಟ್ಟೆ. ಅಡಿಗೆಮನೆಯಲ್ಲಿ ನಾವಿಬ್ಬರೇ. ಅಂಚು ಹರಿದ ರೊಟ್ಟಿಗಳಾದವು. ಅವಳು ಮುಟ್ಟಲಿಲ್ಲ, ನಾನೇ ತಿಂದೆ.

ಮರುದಿನ ಹಳಿಯಾಳದಲ್ಲಿ ಹೆಡ್‌ಫೋನ್ ಹಾಕಿಕೊಂಡು ಕೇಳಿದರೆ ಬಡಿತ ಎರಡಿದ್ದವು. ಒಂದು ಹತ್ತಿರದ್ದು, ಗಟ್ಟಿ. ಇನ್ನೊಂದು ಅದರ ಹಿಂದೆ, ಸಣ್ಣದು, ತಡವರಿಸುವಂಥದ್ದು. ಗಟ್ಟಿಯದರ ಜೊತೆಗೆ ಟಿಕ್. ಪ್ರತಿಧ್ವನಿ ಇರಬಹುದೆಂದು ನಿಧಾನ ಮಾಡಿ ಮತ್ತೆ ಕೇಳಿದೆ. ಎರಡರ ತಾಳವೇ ಬೇರೆ, ಪ್ರತಿಧ್ವನಿ ಹಾಗಿರುವುದಿಲ್ಲ. ಮಟಮಟ ಮಧ್ಯಾಹ್ನ ನನಗೆ ಚಳಿ ಹಿಡಿಯಿತು.

ತಡೆಯಲಾರದೆ ದಾಂಡೇಲಿಗೆ ಹೋಗಿ ಅಕ್ಕನಿಗೆ ಕೇಳಿಸಿದೆ. ಅತ್ತಾಳು ಎಂದುಕೊಂಡಿದ್ದೆ. ಅವಳಿಗೆ ಆಶ್ಚರ್ಯವೂ ಆಗಲಿಲ್ಲ.

"ಮುಂದಿಂದು ಅವ್ವಂದು" ಎಂದಳು. "ಹಿಂದ ಸಣ್ಣಗ ಕೇಳತೈತಲ್ಲಾ, ಅದು ನಂದು. ಕೈ ಸೋತಿದ್ದು ಗೊತ್ತಾಗತೈತಿ ನೋಡು."

ಹೆಡ್‌ಫೋನ್ ತೆಗೆದು ನನ್ನ ಕೈಗಿಟ್ಟು, "ಹಸಿವಾಗೇತಿ, ಹಿಟ್ಟು ನಾದ್ತೇನಿ" ಎಂದು ಎದ್ದಳು. ಅಂದು ಹೊಟ್ಟೆ ತುಂಬ ಉಂಡಳು. ನಾನು ಹಿತ್ತಿಲಿಗೆ ಹೋಗಿ ಅತ್ತೆ.

ಈಗ ಅಕ್ಕ ಚೆನ್ನಾಗಿದ್ದಾಳೆ. ಕೆನ್ನೆ ತುಂಬಿದೆ, ಓಣಿಯ ಈ ತುದಿಯಿಂದ ಆ ತುದಿಗೆ ಕೂಗಿ ಮಾತಾಡುತ್ತಾಳೆ, ರೊಟ್ಟಿಯ ಅಂಚು ಒಂದೂ ಹರಿಯುವುದಿಲ್ಲ. ಶಾಂತಕ್ಕನಿಗಂತೂ ಖುಷಿಯೋ ಖುಷಿ. ಮೊನ್ನೆ ಹೋದಾಗ ಮತ್ತೊಮ್ಮೆ ರೆಕಾರ್ಡ್ ಮಾಡಿ ಅಲ್ಲೇ ಕೂತು ಕೇಳಿದೆ. ಈ ಸಲ ಬಡಿತ ಒಂದೇ. ಹತ್ತಿರದ್ದು, ಗಟ್ಟಿ. ಎಷ್ಟು ದೊಡ್ಡದು ಮಾಡಿದರೂ ಹಿಂದಿನ ಸಣ್ಣ ಬಡಿತ ಇಲ್ಲ. ಆದರೆ ಟಿಕ್ ಇತ್ತು. ತಲೆಯೆತ್ತಿ ಅಕ್ಕನ ಕೈ ನೋಡಿದೆ. ಬೆರಳು ಬರಿದಾಗಿತ್ತು.

"ಯಾಕೋ ಹಂಗ ನೋಡಾಕತ್ತೀ? ಉಣ್ಣು ಬಾ, ಸಪ್ಪಳಾ ಆರಿಸಾವನ" ಎಂದು ನಕ್ಕಳು.

ಉಂಡು ಬಂದೆ. ಅಕ್ಕ ಉಳಿದಳು ಎಂದು ಎಲ್ಲರಿಗೂ ಹೇಳುತ್ತೇನೆ, ನಾನೂ ಹಾಗೆಂದೇ ನಂಬಬೇಕೆಂದಿದ್ದೇನೆ. ಮೊದಲ ರೆಕಾರ್ಡಿನಲ್ಲಿದ್ದ ಆ ಸಣ್ಣ, ಸೋತ ಬಡಿತವನ್ನು ಮಾತ್ರ ಬೇರೆಯಾಗಿ ಕತ್ತರಿಸಿ ಇಟ್ಟುಕೊಂಡಿದ್ದೇನೆ. ಅದನ್ನು ಯಾವ ಸಂಗೀತಕ್ಕೂ ಬಳಸುವುದಿಲ್ಲ. ಅಕ್ಕನದು ಎಂದು ನನ್ನ ಹತ್ತಿರ ಉಳಿದದ್ದು ಅದೊಂದೇ ಇದ್ದರೆ?