‘ಡಿಸ್ಚಾರ್ಜ್’ ಪದದೊಡನೆ ಜಗಳಕ್ಕೆ ನಿಂತ ಮೇಷ್ಟ್ರು

ಇಂಗ್ಲಿಷ್ ಕಲಿಸುವವರಿಗೆ ನಮ್ಮಲ್ಲಿ ಎಂದೂ ಬರವಿಲ್ಲ. ಕಲಿಸಿದ ಇಂಗ್ಲಿಷು ರೋಗಿಯ ಹಾಸಿಗೆಯ ಬಳಿ ಏನಾಗುತ್ತದೆ ಎಂದು ತಲೆ ಕೆಡಿಸಿಕೊಂಡವರು ಮಾತ್ರ ವಿರಳ. ದೊಡ್ಡಾಸ್ಪತ್ರೆಯ ಶುಶ್ರೂಷಾ ಶಾಲೆಯಲ್ಲಿ ಮೂರು ದಶಕ ಭಾಷಾ ಅಧ್ಯಾಪಕರಾಗಿದ್ದು ಈ ತಿಂಗಳು ನಿವೃತ್ತರಾಗುತ್ತಿರುವ ನಮ್ಮ ಪೂಜ್ಯ ಗುರುಗಳು ಆ ವಿರಳರ ಸಾಲಿನಲ್ಲಿ ಮೊದಲಿಗರು. ವಿದ್ಯಾರ್ಥಿನಿಯರು ಅವರಿಗಿಟ್ಟ ಹೆಸರು ‘ಅರ್ಥದ ಮೇಷ್ಟ್ರು’. ಅವರ ಬಗ್ಗೆ ನಾಲ್ಕು ಸಿಹಿಮಾತು ಬರೆದರೆ ಸಾಕು, ಹಳೆಯ ಪ್ರಕರಣವನ್ನು ಕೆದಕುವುದು ಬೇಡ, ಶುಭಸಂದರ್ಭದಲ್ಲಿ ಕೀವಿನ ಮಾತೇಕೆ ಎಂದು ಈ ಅಭಿನಂದನ ಗ್ರಂಥದ ಸಮಿತಿಯವರು ಸೂಚಿಸಿದ್ದಾರೆ. ಕ್ಷಮಿಸಬೇಕು. ಕೀವಿನ ಮಾತು ಬಿಟ್ಟರೆ ಮೇಷ್ಟ್ರ ಬಗ್ಗೆ ಹೇಳಲು ಉಳಿಯುವುದು ಅವರ ಕೊಡೆ, ಕನ್ನಡಕ ಅಷ್ಟೇ.

ಸೇವೆಗೆ ಸೇರಿದ ಹೊಸದರಲ್ಲಿ ಅವರೂ ಎಲ್ಲರಂತೆ ಪಠ್ಯಕ್ರಮಕ್ಕೆ ತಲೆಬಾಗಿ, ಒಂದೊಂದು ಪದಕ್ಕೂ ಸಮಾನಾರ್ಥಕಗಳನ್ನು ಹಲಗೆಯ ತುಂಬ ಬರೆಸುತ್ತಿದ್ದರು. ‘ಡಿಸ್ಚಾರ್ಜ್’ ಎಂದರೆ ಬಿಡುಗಡೆ, ಸ್ರಾವ, ವಿಸರ್ಜನೆ, ಕರ್ತವ್ಯ ನಿರ್ವಹಣೆ, ಕೆಲಸದಿಂದ ವಜಾ. ಹುಡುಗಿಯರು ಉರು ಹೊಡೆದು ಪಾಸಾಗುತ್ತಿದ್ದರು. ಅವರಲ್ಲಿ ಮಾತು ತೊದಲುವ ಹುಡುಗಿಯೊಬ್ಬಳಿದ್ದಳು. ಮೌಖಿಕ ಪರೀಕ್ಷೆಯಲ್ಲಿ ಪರೀಕ್ಷಕರ ಮುಖ ಕಂಡೊಡನೆ ಅವಳ ನಾಲಿಗೆ ಕಟ್ಟಿಹೋಗುತ್ತಿತ್ತು. ಮೇಷ್ಟ್ರು ಹಟ ಹಿಡಿದು, ಅವಳು ಕಿಟಕಿಯ ಕಡೆ ತಿರುಗಿ ನಿಂತು ಉತ್ತರ ಹೇಳಬಹುದೆಂದು ಅನುಮತಿ ಕೊಡಿಸಿದರು. ಅವಳು ಮೊದಲ ದರ್ಜೆಯಲ್ಲಿ ತೇರ್ಗಡೆಯಾಗಿ ಅದೇ ಆಸ್ಪತ್ರೆಯಲ್ಲಿ ನರ್ಸ್ ಆದಳು.

ಪ್ರಕರಣ ನಡೆದದ್ದು ಅವಳ ವಾರ್ಡಿನಲ್ಲಿಯೇ. ಬಡಗಿಯೊಬ್ಬನ ತಾಯಿಗೆ ಕಾಲಿನ ಶಸ್ತ್ರಚಿಕಿತ್ಸೆಯಾಗಿತ್ತು. ರೌಂಡ್ಸಿಗೆ ಬಂದ ಸರ್ಜನ್ ಮಹಾಶಯರು ಬ್ಯಾಂಡೇಜ್ ಎತ್ತಿ ನೋಡಿ, ಕೀವು ಇನ್ನೂ ನಿಂತಿಲ್ಲವೆಂಬುದನ್ನು ಇಂಗ್ಲಿಷಿನಲ್ಲಿ ಗೊಣಗಿ, ಪಕ್ಕದ ಹಾಸಿಗೆಗೆ ನಡೆದರು. ಮಗ ಕೇಳಿದ: “ಸಿಸ್ಟರ್, ಡಾಕ್ಟ್ರು ಏನಂದ್ರು?”

“ಡಿ... ಡಿಸ್ಚಾರ್ಜ್ ಆಗ್ತಿದೆ” ಎಂದು ಹೇಳಿ ಅವಳು ಟ್ರೇ ಹಿಡಿದು ಸರ್ಜನ್ನರ ಹಿಂದೆ ಓಡಿದಳು.

ಗಾಯದಿಂದ ಕೀವು ಬರುತ್ತಿದೆ ಎಂದು ಅವಳು ಹೇಳಿದ್ದು. ಅಮ್ಮನನ್ನು ಮನೆಗೆ ಕಳಿಸುತ್ತಿದ್ದಾರೆ ಎಂದು ಮಗ ಕೇಳಿಸಿಕೊಂಡದ್ದು. ಆಸ್ಪತ್ರೆಯ ಹೊರಗೆ ಆ ಪದಕ್ಕೆ ಬೇರೆ ಅರ್ಥವಾದರೂ ಯಾರಿಗೆ ಗೊತ್ತು? ಅವನು ಖುಷಿಯಿಂದ ತಾಯಿಯನ್ನು ಎತ್ತಿಕೊಂಡು ಹೊರಟ. ಹಾಸಿಗೆ ಖಾಲಿಯಾದರೆ ಸಾಕೆಂದು ಕಾದಿದ್ದ ಆ ವಾರ್ಡಿನಲ್ಲಿ, ಕಾಗದಪತ್ರವಿಲ್ಲದೆ “ಎಲ್ಲಿಗಪ್ಪಾ ಹೊರಟೆ?” ಎಂದು ಕೇಳುವ ಒಂದು ನರಪಿಳ್ಳೆಯೂ ಇರಲಿಲ್ಲ. ಕೆಲವೇ ದಿನಗಳಲ್ಲಿ ಆ ತಾಯಿ ಕೆಂಡದಂಥ ಜ್ವರದಲ್ಲಿ ಮರಳಿ ಬಂದರು. ಮತ್ತೊಮ್ಮೆ ಕಾಲು ಕೊಯ್ಯಬೇಕಾಯಿತು. ಜೀವ ಉಳಿಯಿತು, ನಡಿಗೆ ಕುಂಟಾಯಿತು.

ವಿಚಾರಣೆ ಎಂಬ ನಾಟಕ ನಡೆಯಿತು. ಸರ್ಜನ್ನರ ಗೊಣಗಾಟವನ್ನು ಯಾರೂ ಪ್ರಶ್ನಿಸಲಿಲ್ಲ, ಕಾವಲಿಲ್ಲದ ಬಾಗಿಲನ್ನೂ ಪ್ರಶ್ನಿಸಲಿಲ್ಲ. ಕೈಗೆ ಸಿಕ್ಕವಳು ಆ ಹುಡುಗಿ. ದೊಡ್ಡ ಮೇಜಿನ ಮುಂದೆ ಅವಳ ತುಟಿ ಅದುರಿತೇ ಹೊರತು ಮಾತು ಹೊರಡಲಿಲ್ಲ. “ಬಾಯೇ ಬಿಡ್ತಿಲ್ಲ ಅಂದ್ರೆ ತಪ್ಪು ಒಪ್ಕೊಂಡ ಹಾಗಾಯ್ತಲ್ಲ” ಎಂದು ಅಧೀಕ್ಷಕರು ತೀರ್ಮಾನಿಸಿ, ಸೇವೆಯಿಂದ ‘ಡಿಸ್ಚಾರ್ಜ್’ ಮಾಡುವ ಆದೇಶ ಟೈಪಿಸಲು ಹೇಳಿದರು. ರೋಗಿಯನ್ನು ಹಾಳುಮಾಡಿದ ಪದವೇ ಈಗ ದಾದಿಯ ಅನ್ನಕ್ಕೂ ಕಲ್ಲು ಹಾಕಲು ಹೊರಟಿತ್ತು!

ಕರೆಯದಿದ್ದರೂ ಒಳನುಗ್ಗಿದವರು ನಮ್ಮ ಮೇಷ್ಟ್ರು.

“ಸಾರ್, ಅವಳಿಗೆ ಮಾತಾಡೋಕೆ ಸ್ವಲ್ಪ ಹೊತ್ತು ಬೇಕು. ಕಾಯಿರಿ.”

“ನಿಮಗೇನ್ರೀ ಇಲ್ಲಿ ಕೆಲಸ? ಇದು ವೈದ್ಯಕೀಯ ವಿಷಯ.”

“ಅಲ್ಲ ಸಾರ್, ಮಾತಿನ ವಿಷಯ. ಡಾಕ್ಟ್ರು ನರ್ಸ್‌ಗೆ ಹೇಳಿದ್ರು, ನರ್ಸ್ ಮಗನಿಗೆ ಹೇಳಿದ್ಲು. ಕಾಲು ಆ ತಾಯೀದಲ್ವಾ? ಆ ತಾಯಿಗೆ ಅರ್ಥ ಆಗೋ ಹಾಗೆ ಹೇಳಿದ್ದು ಯಾರು? ಅವರನ್ನ ತೋರಿಸಿ, ಆಮೇಲೆ ಈ ಹುಡುಗೀನ ಮನೆಗೆ ಕಳ್ಸಿ.”

ತೋರಿಸಲು ಒಬ್ಬರೂ ಇರಲಿಲ್ಲ. ಹುಡುಗಿಯ ಕೆಲಸ ಉಳಿಯಿತು. ಮೇಷ್ಟ್ರಿಗೆ ಸಿಗಬೇಕಿದ್ದ ಪ್ರಾಂಶುಪಾಲರ ಹುದ್ದೆ ಮಾತ್ರ ಅವರಿಗಿಂತ ಕಿರಿಯರ ಪಾಲಾಯಿತು. ಇಂದು ಅವರನ್ನು ಹೊಗಳಲು ವೇದಿಕೆಯ ಮೇಲೆ ಕೂರಲಿರುವವರಲ್ಲಿ ಅದನ್ನು ತಪ್ಪಿಸಿದವರೂ ಇದ್ದಾರೆ ಎಂಬುದನ್ನು ನೆನೆದರೆ ಮೈ ಉರಿಯುತ್ತದೆ.

ಅಂದಿನಿಂದ ಮೇಷ್ಟ್ರು ಹಲಗೆ ಒರೆಸಿ, ತರಗತಿಗೆ ಒಂದು ಮಂಚ ತರಿಸಿದರು. ಒಬ್ಬಳು ರೋಗಿ, ಒಬ್ಬಳು ದಾದಿ. ದಾದಿ ಹೇಳಿದ್ದನ್ನು ರೋಗಿ ತನ್ನ ಮಾತಿನಲ್ಲಿ ತಿರುಗಿ ಹೇಳಬೇಕು. ಅವಳಿಗೆ ಬರದಿದ್ದರೆ ದಪ್ಪ ಸೊನ್ನೆ ದಾದಿಗೆ! “ಸಾರ್, ನನ್ನ ಫೋನ್ ಡಿಸ್ಚಾರ್ಜ್ ಆಗ್ಬಿಟ್ಟಿದೆ” ಎಂದವಳಿಗೆ “ಹತ್ತಿ ತಗೊಂಡು ಒರಸಮ್ಮ, ನಂಜಾದೀತು” ಎಂದು ಅವರು ಹೇಳಿದಾಗ ಇಡೀ ತರಗತಿ ಬಿದ್ದು ಬಿದ್ದು ನಕ್ಕಿತ್ತು. ಆ ನಗುವಿನಲ್ಲಿ ಕಲಿತದ್ದು ನಮ್ಮ ಕೈಯಲ್ಲಿ ಎಷ್ಟು ಜನರನ್ನು ಕಾಪಾಡಿದೆಯೋ ಲೆಕ್ಕವಿಟ್ಟವರಿಲ್ಲ.

ಈಗ ಆಡಳಿತದವರು ಮಾಡಿರುವ ಘನಕಾರ್ಯ ಕೇಳಿ. ಮೇಷ್ಟ್ರ ನಿವೃತ್ತಿಯೊಡನೆ ಆ ತರಗತಿಯನ್ನೇ ರದ್ದು ಮಾಡಿದ್ದಾರೆ. ಮಂಚ ಆಗಲೇ ಉಗ್ರಾಣ ಸೇರಿದೆ. ಕೈಗೆ ಅಭಿನಂದನ ಗ್ರಂಥ ಕೊಟ್ಟು ಕೆಲಸಕ್ಕೆ ಕೊಡಲಿ ಹಾಕುವುದು ಯಾವ ಸೀಮೆಯ ಗೌರವ? ಇಂದು ವಾರ್ಡಿನ ಮುಖ್ಯಸ್ಥೆಯಾಗಿರುವ ಅದೇ ತೊದಲು ಹುಡುಗಿ, ತರಗತಿಯನ್ನು ತನ್ನ ವಾರ್ಡಿನಲ್ಲೇ ನಡೆಸುತ್ತೇನೆ, ಮೇಷ್ಟ್ರು ಬರಲಿ ಎಂದು ಕೇಳಿದಳು. ನಿವೃತ್ತರಿಗೆ ಒಳಗೆ ಪ್ರವೇಶವಿಲ್ಲ ಎಂಬ ಉತ್ತರ ಬಂತು.

ಮೇಷ್ಟ್ರು ಕನ್ನಡಕ ಒರೆಸಿಕೊಳ್ಳುತ್ತ ಅಂದರು: “ರೋಗಿಗಳನ್ನ ನೋಡೋಕೆ ಸಂಜೆ ಹೊತ್ತು ಯಾರ್ ಬೇಕಾದ್ರೂ ಬರಬಹುದಲ್ವೇನಮ್ಮ? ನಾನೂ ಬರ್ತೀನಿ. ಯಾರೂ ನೋಡೋಕೆ ಬರದವರ ಪಕ್ಕ ಕೂತು ‘ಡಾಕ್ಟ್ರು ಏನಂದ್ರು?’ ಅಂತ ಕೇಳ್ತೀನಿ. ಗೊತ್ತಿಲ್ಲ ಅಂದ್ರೆ ನಿನ್ನನ್ನ ಕರೀತೀನಿ.”

ಪೂಜ್ಯ ಗುರುಗಳಿಗೆ ಆರೋಗ್ಯವೂ ದೀರ್ಘಾಯುಷ್ಯವೂ ಲಭಿಸಲಿ, ಅವರ ದನಿ ಕುಗ್ಗದಿರಲಿ ಎಂದು ಮನಸಾರೆ ಹಾರೈಸುತ್ತೇವೆ. ಅವರು ನೂರು ವರ್ಷ ಬಾಳಲಿ; ಆದರೆ ನೂರನೆಯ ವಯಸ್ಸಿನಲ್ಲೂ ಅವರೇ ಬಂದು ಆ ಪ್ರಶ್ನೆ ಕೇಳಬೇಕಾದರೆ, ಅವರ ಕೈಯಲ್ಲಿ ಕಲಿತವರೆಂದು ಹೇಳಿಕೊಳ್ಳಲು ನಮಗೆ ನಾಚಿಕೆಯಾಗಬೇಕು.