ನೀಲಾ ಬೆಳೆಸಿದ ಬೂದಿ ಹುಂಜಗಳು

ಬೆಳಗಿನ ಆರು ಗಂಟೆ. ವಡೋದರಾದ ಹೊರಗಿನ ಉದ್ದನೆಯ ಶೆಡ್ಡಿನಲ್ಲಿ ನೀಲಾ ಪಂಜರದೊಳಗೆ ಕೈಯಿಟ್ಟು ಬೂದಿ ಬಣ್ಣದ ಹುಂಜವೊಂದನ್ನು ಎತ್ತಿಕೊಳ್ಳುತ್ತಾರೆ. ಅದು ಕೊಸರಾಡುವುದಿಲ್ಲ. ಕುತ್ತಿಗೆಯ ಗರಿಯೊಂದನ್ನು ಬೆರಳಿನ ಮೇಲೆ ಬಾಗಿಸಿ ಬಾಗಿಲ ಬೆಳಕಿಗೆ ಹಿಡಿಯುತ್ತಾರೆ. ಎಳೆಗಳು ತೆಂಗಿನ ಕಡ್ಡಿಯಂತೆ ನೆಟ್ಟಗೆ ನಿಲ್ಲುತ್ತವೆ. "ಇದು ಆಯ್ತು. ಬರುವ ವಾರ ಗರಿ ಸಮೇತ ಇದರ ಚರ್ಮ ತೆಗೀಬೇಕು" ಎಂದು ಅದರ ಬೆನ್ನು ಸವರಿ ಒಳಗೆ ಬಿಡುತ್ತಾರೆ.

ಈ ಕೋಳಿಗಳನ್ನು ಸಾಕುವುದು ಮಾಂಸಕ್ಕಲ್ಲ, ಮೊಟ್ಟೆಗಲ್ಲ, ಗರಿಗೆ. ವಿದೇಶಗಳಲ್ಲಿ ಹೊಳೆಮೀನು ಹಿಡಿಯುವ ಶೋಕಿಯವರು ಚಿಕ್ಕ ಗಾಳಕ್ಕೆ ಈ ಗರಿ ಸುತ್ತಿ ಹುಸಿ ನೊಣ ಕಟ್ಟುತ್ತಾರೆ. ಗರಿ ಗಡುಸಾಗಿದ್ದರೆ ಗಾಳ ನೀರ ಮೇಲೆ ತೇಲುತ್ತದೆ, ಮೀನು ಮೋಸಹೋಗುತ್ತದೆ. ಹುಂಜಗಳನ್ನು ಒಟ್ಟಿಗೆ ಬಿಟ್ಟರೆ ಕಾದಾಡಿ ಗರಿ ಮುರಿದುಕೊಳ್ಳುತ್ತವೆ. ಹಾಗಾಗಿ ಇನ್ನೂರ ನಲವತ್ತು ಹುಂಜಕ್ಕೆ ಇನ್ನೂರ ನಲವತ್ತು ಪಂಜರ. ಒಂದೊಂದಕ್ಕೂ ಹನ್ನೊಂದು ತಿಂಗಳ ಆರೈಕೆ. ಹತ್ತರಲ್ಲಿ ಮೂರರ ಗರಿ ಸರಿಬಂದರೆ ಹೆಚ್ಚು.

ಬೈಂದೂರು ಕಡೆಯ ನೀಲಾ ಇಲ್ಲಿಗೆ ಬಂದದ್ದು ಗಂಡ ಲಕ್ಷ್ಮೀನಾರಾಯಣರ ಜತೆ. ಅವರು ಉಡುಪಿ ಹೋಟೆಲಿನಲ್ಲಿ ದೋಸೆ ಹುಯ್ಯುತ್ತಿದ್ದರು, ಇವರು ಹಿಟ್ಟು ರುಬ್ಬುತ್ತಿದ್ದರು. ಗಂಡ ತೀರಿಕೊಂಡ ವರ್ಷ, ಅಲ್ಲಿಗೆ ತಿಂಡಿಗೆ ಬರುತ್ತಿದ್ದ ವಿನಯ್‌ಭಾಯಿ ಎಂಬ ವ್ಯಾಪಾರಿ ತಮ್ಮ ಶೆಡ್ಡಿನಲ್ಲಿ ಕೆಲಸ ಕೊಟ್ಟರು. ಅದಕ್ಕೀಗ ಹದಿನಾಲ್ಕು ವರ್ಷ. ಪೇಟೆಯಲ್ಲಿ ಬಾಡಿಗೆ ಮನೆ ಕೇಳಿದರೆ, ಕೋಳಿ ಕೆಲಸ ಎಂದ ಕೂಡಲೇ ಬಾಗಿಲು ಮುಚ್ಚುತ್ತಿತ್ತು. ಶೆಡ್ಡಿನ ಪಕ್ಕದ ಕೋಣೆಯೇ ಮನೆಯಾಯಿತು. ಮಗಳು ಪ್ರೇರಣಾ ಕಾಲೇಜಿನಲ್ಲಿ, ಅಮ್ಮ ಇನ್ನೂ ಹೋಟೆಲಿನಲ್ಲಿದ್ದಾರೆ ಎಂದೇ ಹೇಳುತ್ತಾಳೆ. "ಬಟ್ಟೆ ಎರಡೆರಡು ಸಲ ಒಗೀತಾಳೆ. ವಾಸನೆ ಹೋಗೂದಿಲ್ಲ. ಅವಳದ್ದೆಂತ ತಪ್ಪು?" ಎನ್ನುತ್ತಾರೆ ನೀಲಾ.

ಬೂದಿ ಬಣ್ಣ ನೀಲಾ ತಂದದ್ದು. ಮೊದಲು ಶೆಡ್ಡಿನಲ್ಲಿ ಇದ್ದದ್ದು ಕಂದು, ಕಪ್ಪು ಮಾತ್ರ. ಒಮ್ಮೆ ಮಂಕು ಬಣ್ಣದ ಮರಿಯೊಂದು ಹುಟ್ಟಿದಾಗ ವಿನಯ್‌ಭಾಯಿ ಎಸೆಯಲು ಹೇಳಿದರು. ನೀಲಾ ಎಸೆಯಲಿಲ್ಲ. ಯಾವ ಹುಂಜಕ್ಕೆ ಯಾವ ಹೇಂಟೆ ಎಂದು ಏಳು ತಲೆಮಾರು ಜೋಡಿಸುತ್ತ ಬಂದರು. ಎಲ್ಲೂ ಬರೆದಿಟ್ಟಿಲ್ಲ, ಎಲ್ಲ ತಲೆಯಲ್ಲಿದೆ. ಇಂದು ಹೊರದೇಶದವರು ಮೊದಲು ಕೇಳುವುದು ಆ ಬಣ್ಣವನ್ನೇ.

ಕಳೆದ ಚಳಿಗಾಲದಲ್ಲಿ ಹೊರದೇಶದ ಖರೀದಿದಾರರೊಬ್ಬರು ತಳಿಯನ್ನೇ ಕೊಳ್ಳಲು ಶೆಡ್ಡಿಗೆ ಬಂದರು. "ನೀಲಾಬೆನ್, ನೀವು ಹಿಂದೆ ಇರಿ" ಎಂದರು ವಿನಯ್‌ಭಾಯಿ. ಇಂಗ್ಲಿಷ್ ಬಲ್ಲ ಪ್ರೇರಣಾಳನ್ನು ಮಾತ್ರ ಮುಂದೆ ಕರೆದರು. ಮೇಜಿನ ಮೇಲಿದ್ದ ಹೊಸ ಕ್ಯಾಟಲಾಗಿನಲ್ಲಿ ಬೂದಿ ಹುಂಜದ ಚಿತ್ರವಿತ್ತು. ಅದರ ಕೆಳಗೆ, ಹನ್ನೆರಡು ವರ್ಷ ಶ್ರಮಿಸಿ ಈ ತಳಿ ರೂಪಿಸಿದವರು ವಿನಯ್‌ಭಾಯಿ ಎಂದು ಇಂಗ್ಲಿಷಿನಲ್ಲಿ ಅಚ್ಚಾಗಿತ್ತು. ಪ್ರೇರಣಾ ಓದಿ, ಹಿಂದೆ ಹೋಗಿ ಅಮ್ಮನಿಗೆ ಹೇಳಿದಳು. ಅಷ್ಟರಲ್ಲಿ ಖರೀದಿದಾರರು, ಜೋಡಿ ಹೇಗೆ ಮಾಡುತ್ತೀರಿ ಎಂದು ಕೇಳಿದರು. ವಿನಯ್‌ಭಾಯಿಗೆ ಉತ್ತರ ಗೊತ್ತಿರಲಿಲ್ಲ. ನೀಲಾರನ್ನು ಕರೆಸಿದರು.

"ಗೊತ್ತಿಲ್ಲ ಹೇಳು" ಎಂದರು ನೀಲಾ, ಮಗಳಿಗೆ. "ನಾನು ಕಾಳು ಹಾಕುವವಳು. ಅಷ್ಟೇ ಹೇಳು."

ಪ್ರೇರಣಾ ಅಮ್ಮನ ಮುಖ ನೋಡಿದಳು. ಹಾಗೆಯೇ ಹೇಳಿದಳು.

ಬಂದವರು ಕೊಳ್ಳದೆ ಹೋದರು. ಆಮೇಲೆ ವಿನಯ್‌ಭಾಯಿ ತಾವೇ ನಿಂತು ಜೋಡಿ ಮಾಡಿಸಿದರು. ಮರಿಗಳು ಕಪ್ಪು, ಬಿಳಿ, ಚುಕ್ಕೆ ಚುಕ್ಕೆಯಾಗಿ ಹುಟ್ಟಿದವು. ಗರಿ ಹತ್ತಿಯಂತೆ ಮೆತ್ತಗೆ. ನೀಲಾ ಪಕ್ಕದಲ್ಲೇ ನಿಂತು ಕಾಳು ಹಾಕುತ್ತಿದ್ದರು. ಈಗ ಉಳಿದಿರುವ ಬೂದಿ ಹುಂಜ ಹನ್ನೊಂದು. ಆ ಬಣ್ಣದ ಮರಿ ಒಂದೂ ಇಲ್ಲ.

"ಹೊಟ್ಟೆ ಉರೀತದೆ. ಕೈಯಾರೆ ಬೆಳೆಸಿದ್ದಲ್ವಾ? ಆದ್ರೆ ಹೇಳಿಕೊಟ್ರೆ ಅದೂ ಅವರದ್ದೇ ಆಗ್ತದೆ. ನನ್ನೊಟ್ಟಿಗೇ ಮುಗೀಲಿ."

ಇದನ್ನೆಲ್ಲ ಪತ್ರಿಕೆಯಲ್ಲಿ ಹಾಕಿದರೆ ಕೆಲಸಕ್ಕೆ ಕುತ್ತು ಬರುವುದಿಲ್ಲವೇ ಎಂದರೆ, ನೀಲಾ ಕಾಳಿನ ಬಕೆಟ್ ಎತ್ತಿಕೊಳ್ಳುತ್ತಾರೆ.

"ಹಾಕಿ ಮಾರಾಯ್ರೆ. ಫೋಟೋ ಬೇಡ, ಹೆಸರು ಮಾತ್ರ ಸರಿಯಾಗಿ ಹಾಕಿ. ವಿನಯ್‌ಭಾಯಿಗೆ ಕನ್ನಡ ಬರೂದಿಲ್ಲ."

ಎರಡು ಪಂಜರ ದಾಟಿದ ಮೇಲೆ ಸೇರಿಸುತ್ತಾರೆ: "ನನ್ನ ಮಗಳಿಗೂ ಕನ್ನಡ ಓದ್ಲಿಕ್ಕೆ ಬರೂದಿಲ್ಲ."